ತುಕ್ಕು ಅಂತ ಉಜ್ಜಲು ಹೊರಟಿದ್ದ ತಗಡು: ಒಂದು ಮೆಕ್ಸಿಕನ್ ದೇವರ ಚಿತ್ರದ ಪ್ರಕರಣ

ಮೊದಲು ವಸ್ತುವಿನ ವಿಷಯ. 10 ಇಂಚು ಅಗಲ, 14 ಇಂಚು ಎತ್ತರದ ಒಂದು ತಗಡು. ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದ ಒಬ್ಬ ಪುಟ್ಟ ಹುಡುಗ. ಕುರ್ಚಿಯಲ್ಲಿ ಕೂತಿದ್ದಾನೆ. ತಲೆ ಮೇಲೆ ಗರಿ ಸಿಕ್ಕಿಸಿದ ಅಗಲ ಟೊಪ್ಪಿ, ಮೈಮೇಲೆ ನಿಲುವಂಗಿ, ಅದರ ಮೇಲೆ ಒಂದು ಕಡಲ ಚಿಪ್ಪು, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಕೋಲು, ಕೋಲಿನ ತುದಿಗೆ ಕಟ್ಟಿದ ನೀರಿನ ಸೋರೆಬುರುಡೆ. ಮೇಲಿನ ಅಂಚಿನಲ್ಲಿ ಮೊಳೆ ಹೊಡೆದ ತೂತುಗಳು. ಕೆಳಗಿನ ಎಡಮೂಲೆಯಲ್ಲಿ ಬಣ್ಣ ಚಕ್ಕೆ ಎದ್ದಿದೆ. ಹುಡುಗನ ಒಂದು ಕೆನ್ನೆ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬೆಳ್ಳಗಿದೆ. ಹಿಂಭಾಗ ಪೂರ್ತಿ ಕಂದು, ಅಲ್ಲಲ್ಲಿ ದಪ್ಪ ತುಕ್ಕು.

ಇದು ಟೆಕ್ಸಸ್‌ನ ಎಲ್ ಪಾಸೊ ಊರಿನ ಒಂದು ಕುಟುಂಬದ್ದು. ಅವರ ಮೂಲ ಮೆಕ್ಸಿಕೋದ ಸಕಾತೆಕಾಸ್ ರಾಜ್ಯ, ಫ್ರೆಸ್ನೀಯೊ ಹತ್ತಿರದ ಒಂದು ಹಳ್ಳಿ. ಮೆಕ್ಸಿಕೋ ಕ್ರಾಂತಿಯ ವೇಳೆ, 1914ರ ಜೂನ್‌ನಲ್ಲಿ, ಸಕಾತೆಕಾಸ್ ನಗರಕ್ಕಾಗಿ ದೊಡ್ಡ ಕಾಳಗ ನಡೆಯಿತಲ್ಲ, ಅದಾದ ಮೇಲೆ ಮುತ್ತಜ್ಜಿ ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿ ಉತ್ತರಕ್ಕೆ ಬಂದರು, ಬಟ್ಟೆಯ ಗಂಟಿನಲ್ಲಿ ಈ ತಗಡೂ ಇತ್ತು ಅನ್ನುವುದು ಮನೆಯ ಮಾತು. ಮೆಕ್ಸಿಕೋ ನಗರದಿಂದ ಗಡಿಯವರೆಗಿನ ರೈಲು ದಾರಿ 1884ರಲ್ಲೇ ಮುಗಿದಿತ್ತು, ಅದು ಫ್ರೆಸ್ನೀಯೊ ಸೀಮೆಯ ಮೂಲಕವೇ ಹಾದು ಬರುತ್ತದೆ. ಹಾಗಾಗಿ ಮಾತು ನಂಬುವಂಥದ್ದೇ.

ತಾಯಿ ತೀರಿಕೊಂಡ ಮೇಲೆ ಮೂವರು ಮಕ್ಕಳಲ್ಲಿ ಒಮ್ಮತ ಆಗಲಿಲ್ಲ. ಅಕ್ಕನಿಗೆ ಅದು ದೇವರ ಗೂಡಿನಲ್ಲಿ ಇದ್ದ ಹಾಗೇ ಇರಬೇಕು. ತಮ್ಮನಿಗೆ ತುಕ್ಕನ್ನೆಲ್ಲ ತೆಗೆದು, ಬಣ್ಣ ಹೋದ ಕಡೆ ತುಂಬಿಸಿ, ಹೊಸ ಚೌಕಟ್ಟು ಹಾಕಿಸಬೇಕು. ಸ್ಟೀಲ್ ಉಣ್ಣೆ, ತುಕ್ಕು ತೆಗೆಯುವ ದ್ರಾವಣ ಎರಡನ್ನೂ ತಂದಿಟ್ಟಿದ್ದರು. ಚಿಕ್ಕ ತಂಗಿಗೆ ಇದು ಹಳೆಯದೇ ಅಲ್ಲ ಅನ್ನುವ ಅನುಮಾನ, ಆ ಬಿಳಿ ಕೆನ್ನೆಯಿಂದಾಗಿ. ಹಳೆಯದಾದರೆ ಮಾರಿ ದುಡ್ಡು ಹಂಚಿಕೊಳ್ಳೋಣ, ಅಲ್ಲವಾದರೆ ಅಕ್ಕನೇ ಇಟ್ಟುಕೊಳ್ಳಲಿ ಅಂದರು. ಅಕ್ಕ ನನ್ನ ಜೊತೆ ಕೆಲಸ ಮಾಡುವವರು. ನಾನು ಬಿಡುವಿನ ವೇಳೆಯಲ್ಲಿ ಇಂಥ ತಗಡು ಚಿತ್ರಗಳ ಪಟ್ಟಿ ಮಾಡುವ ಕೆಲಸಕ್ಕೆ ಕೈಜೋಡಿಸುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ನನ್ನನ್ನು ಕರೆದರು.

ಅಕ್ಕನಿಗೆ ನಾನು ಮೊದಲು ಹೇಳಿದ್ದು ಒಂದೇ: ಯಾರೂ ಏನನ್ನೂ ಉಜ್ಜಬೇಡಿ. ಯಾಕೆ ಅಂತ ಹೇಳಬೇಕಾದರೆ ಈ ಚಿತ್ರಗಳು ಹೇಗೆ ಹುಟ್ಟಿದವು ಅನ್ನುವುದನ್ನು ಹೇಳಬೇಕು.

ತಗಡು ಬರುವ ಮುಂಚೆ ಮೆಕ್ಸಿಕೋದಲ್ಲಿ ಸಂತರ ಚಿತ್ರಗಳನ್ನು ಕ್ಯಾನ್ವಾಸ್, ಮರ, ತಾಮ್ರದ ಹಾಳೆಗಳ ಮೇಲೆ ಬರೆಯುತ್ತಿದ್ದರು. ತಾಮ್ರ ದುಬಾರಿ. ಉಳ್ಳವರ ಮನೆಗೆ, ಮಠಗಳಿಗೆ ಮಾತ್ರ. 1821ರಲ್ಲಿ ಸ್ಪೇನ್‌ನಿಂದ ಬಿಡುಗಡೆ ಆದ ಮೇಲೆ ವ್ಯಾಪಾರದ ಬಾಗಿಲು ತೆರೆಯಿತು, ಹೊರಗಿನಿಂದ ಅಗ್ಗದ ತಗಡು ಬರತೊಡಗಿತು. ಕಬ್ಬಿಣದ ತೆಳು ಹಾಳೆಯನ್ನು ಕರಗಿದ ತವರದಲ್ಲಿ ಅದ್ದಿ ತೆಗೆದದ್ದು. ನಮ್ಮಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ತವರ. ಈ ತಗಡು ಸಾಮಾನ್ಯವಾಗಿ 10 ಇಂಚು 14 ಇಂಚಿನ ಅಳತೆಯಲ್ಲಿ ಬರುತ್ತಿತ್ತು. ಪೂರ್ತಿ ಹಾಳೆ ಬೇಡ ಅಂದವರಿಗೆ ಅರ್ಧ, ಇನ್ನೂ ಬಡವರಿಗೆ ಕಾಲು. ಹಳೆಯ ಚಿತ್ರಗಳನ್ನು ಅಳೆದು ನೋಡಿದರೆ ಈ ಲೆಕ್ಕ ಮತ್ತೆ ಮತ್ತೆ ಸಿಗುತ್ತದೆ. ನಮ್ಮ ಪ್ರಕರಣದ್ದು ಪೂರ್ತಿ ಹಾಳೆ. ಮುತ್ತಜ್ಜಿಯ ಮನೆಯಲ್ಲಿ ಯಾರೋ ಒಂದಿಷ್ಟು ಕೈಬಿಟ್ಟು ಖರ್ಚು ಮಾಡಿದ್ದಾರೆ ಅಂತಾಯಿತು.

ಬರೆದವರು ಯಾರು? ಹೆಚ್ಚಿನವರ ಹೆಸರು ಉಳಿದಿಲ್ಲ. ಸಕಾತೆಕಾಸ್, ಗ್ವಾನಹ್ವಾತೊ, ಹಲಿಸ್ಕೊ, ಸಾನ್ ಲೂಯಿಸ್ ಪೊತೊಸಿ ಕಡೆಯ ಸಣ್ಣ ಊರುಗಳ ಚಿತ್ರಕಾರರು. ಶಾಲೆಗೆ ಹೋಗಿ ಕಲಿತವರು ಕಡಿಮೆ. ಹೆಸರು ಉಳಿದವರಲ್ಲಿ ದೊಡ್ಡವರು ಗ್ವಾನಹ್ವಾತೊದ ಪುರಿಸಿಮಾ ದೆಲ್ ರಿಂಕೋನ್ ಊರಿನ ಹೆರ್ಮೆನೆಹಿಲ್ದೊ ಬುಸ್ತೋಸ್, 1832ರಿಂದ 1907ರವರೆಗೆ ಬದುಕಿದ್ದವರು. ಐಸ್ ಮಾರುತ್ತಿದ್ದರು, ಹತ್ತಾರು ಕೈಕೆಲಸ ಮಾಡುತ್ತಿದ್ದರು, ಚಿತ್ರಕ್ಕೆ ಸಹಿ ಹಾಕುವಾಗ ತಾನೊಬ್ಬ ಹವ್ಯಾಸಿ ಅಂತ ಬರೆಯುತ್ತಿದ್ದರು. ಅವರು ಬರೆದ ಮುಖಗಳನ್ನು ನೋಡಿ, ಎದುರಿಗೆ ಕೂತವರ ಜೀವವನ್ನೇ ಹಿಡಿದಿದ್ದಾರೆ ಅನ್ನಿಸುತ್ತದೆ. ಉಳಿದವರು ಅಷ್ಟು ಪ್ರತಿಭಾವಂತರಲ್ಲ, ಆದರೆ ಕೈ ಚುರುಕು. ಒಂದೇ ಸಂತನನ್ನು ಒಂದೇ ಮಾದರಿ ಇಟ್ಟುಕೊಂಡು ಮತ್ತೆ ಮತ್ತೆ ಬರೆದು, ಜಾತ್ರೆಗಳಲ್ಲಿ, ಪುಣ್ಯಕ್ಷೇತ್ರಗಳ ಬಾಗಿಲಲ್ಲಿ ಮಾರುತ್ತಿದ್ದರು. ಕೊಂಡವರು ಮನೆಗೆ ಒಯ್ದು ಗೋಡೆಗೆ ಮೊಳೆ ಹೊಡೆದು, ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದರು.

ಮನೆಯ ದೇವರು ಅಂದರೆ ಮನೆಯ ದೇವರೇ, ಅಲ್ಲಿ ದೊಡ್ಡ ಗುರುಗಳ ಮಾತು ಅಷ್ಟಾಗಿ ನಡೆಯುತ್ತಿರಲಿಲ್ಲ. ತ್ರಿಯೇಕ ದೇವರನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ಆದ ದೇವರನ್ನು, ಒಂದೇ ಥರದ ಮೂವರು ಗಂಡಸರಾಗಿ ಬರೆಯುವುದು ಸರಿಯಲ್ಲ ಅಂತ 1745ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಹೇಳಿದ್ದರು. ನೂರು ವರ್ಷ ಕಳೆದರೂ ಮೆಕ್ಸಿಕೋದ ತಗಡುಗಳ ಮೇಲೆ ಆ ಮೂವರು ಅಕ್ಕಪಕ್ಕ ಕೂತೇ ಇದ್ದರು. ನನಗೆ ಈ ವಿಷಯ ತುಂಬಾ ಇಷ್ಟ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ತಗಡು ಚಿತ್ರಗಳಲ್ಲಿ ಎರಡು ಬಗೆ. ಒಂದು, ಸಂತನ ರೂಪ ಮಾತ್ರ ಇರುವುದು, ಮನೆಯಲ್ಲಿ ಪೂಜೆಗೆ. ಇನ್ನೊಂದು ಹರಕೆಯದು: ಗಣಿ ಕುಸಿದದ್ದು, ಕುದುರೆಯಿಂದ ಬಿದ್ದದ್ದು, ಬಾಣಂತಿ ಉಳಿದದ್ದು, ಹೀಗೆ ನಡೆದ ಘಟನೆಯನ್ನೇ ಬರೆಸಿ, ಕೆಳಗೆ ಕೃತಜ್ಞತೆಯ ನಾಲ್ಕು ಸಾಲು ಸೇರಿಸಿ, ಪುಣ್ಯಕ್ಷೇತ್ರಕ್ಕೆ ಒಪ್ಪಿಸುವುದು. ಮೆಕ್ಸಿಕೋದ ಹೆಸರಾಂತ ಚಿತ್ರಕಾರ ದಂಪತಿ ಫ್ರೀಡಾ ಕಾಲೊ, ದಿಯೆಗೊ ರಿವೆರಾ ಸಂಗ್ರಹಿಸಿದ್ದು ಈ ಹರಕೆಯ ಬಗೆಯನ್ನು. ಫ್ರೀಡಾ ತಾವೂ ಲೋಹದ ಹಾಳೆಯ ಮೇಲೆ ಬರೆದರು. ನಮ್ಮ ತಗಡಿನ ಮುಂಭಾಗದಲ್ಲಿ ಅಕ್ಷರವೇ ಇಲ್ಲ. ಅಂದರೆ ಪೂಜೆಯದು. ಈ ವ್ಯತ್ಯಾಸ ಮುಂದೆ ಮಾರಾಟದ ಮಾತು ಬಂದಾಗ ಕೆಲಸಕ್ಕೆ ಬಂತು.

ಇನ್ನು ಹುಡುಗ ಯಾರು ಅನ್ನುವುದು. ತಂಗಿ ಒಬ್ಬ ಹಳೆ ಸಾಮಾನು ವ್ಯಾಪಾರಿಗೆ ಫೋಟೋ ಕಳಿಸಿದ್ದರು, ಆತ ಪ್ರಾಗ್‌ನ ಬಾಲಯೇಸು ಅಂದಿದ್ದ. ಅದಂತೂ ಅಲ್ಲ. ಬೆಂಗಳೂರಿನ ವಿವೇಕನಗರದ ಚರ್ಚ್‌ಗೆ ಗುರುವಾರ ಹೋದವರಿಗೆ ಆ ರೂಪ ಗೊತ್ತಿರುತ್ತದೆ: ನಿಂತಿರುವ ಮಗು, ತಲೆಗೆ ಕಿರೀಟ, ಕೈಯಲ್ಲಿ ಗೋಳ, ಮೈತುಂಬಾ ರಾಜನ ಉಡುಪು. ನಮ್ಮ ಹುಡುಗ ಕೂತಿದ್ದಾನೆ, ಯಾತ್ರಿಕನ ವೇಷ, ಕೈಯಲ್ಲಿ ಬುಟ್ಟಿ. ಇವನು ಅತೋಚದ ಬಾಲಯೇಸು, ಅಲ್ಲಿನ ಮಾತಿನಲ್ಲಿ ಸಾಂತೊ ನಿನ್ಯೊ ದೆ ಅತೋಚ.

ಕಥೆ ಶುರುವಾಗುವುದು ಸ್ಪೇನ್‌ನಲ್ಲಿ. ಅತೋಚದಲ್ಲಿ ಮೂರ್ ಮುಸ್ಲಿಮರ ಆಳ್ವಿಕೆ, ಕ್ರೈಸ್ತರು ಸೆರೆಯಲ್ಲಿದ್ದಾರೆ, ಅವರಿಗೆ ಊಟ ಒಯ್ಯಲು ಚಿಕ್ಕ ಮಕ್ಕಳಿಗೆ ಮಾತ್ರ ಅನುಮತಿ. ಮಕ್ಕಳಿಲ್ಲದ ಮನೆಯವರು ಉಪವಾಸ ಬೀಳಬೇಕು. ಆಗ ಯಾತ್ರಿಕನ ವೇಷದ ಒಬ್ಬ ಹುಡುಗ ಬುಟ್ಟಿ ಹಿಡಿದು ಬರುತ್ತಾನೆ, ಎಷ್ಟು ಬಡಿಸಿದರೂ ಬುಟ್ಟಿ ಖಾಲಿಯಾಗುವುದಿಲ್ಲ, ಬುರುಡೆಯ ನೀರು ಮುಗಿಯುವುದಿಲ್ಲ. ಈ ಭಕ್ತಿ ಮೆಕ್ಸಿಕೋಗೆ ಬಂದು ನೆಲೆಯಾದದ್ದು ಫ್ರೆಸ್ನೀಯೊ ಪಕ್ಕದ ಪ್ಲಾತೆರೋಸ್‌ನಲ್ಲಿ. ಬೆಳ್ಳಿ ಗಣಿಯ ಊರು. ಗಣಿಗೆ ಇಳಿದವರು ವಾಪಸ್ ಬರುತ್ತಾರೋ ಇಲ್ಲವೋ ಅನ್ನುವ ಭಯದಲ್ಲೇ ಬದುಕುತ್ತಿದ್ದ ಜನ. ಕತ್ತಲಲ್ಲಿ ಸಿಕ್ಕಿಕೊಂಡವರಿಗೆ ಊಟ ನೀರು ತರುವ ಮಗು ಅವರಿಗೆ ಹತ್ತಿರವಾದದ್ದು ಸಹಜ, ಅಲ್ವಾ? 1848ರಲ್ಲಿ ಕಾಲಿಕ್ಸ್ತೊ ಅಗಿರೆ ಅನ್ನುವವರು ಬರೆದ ಒಂಬತ್ತು ದಿನದ ಪ್ರಾರ್ಥನೆ ಪುಸ್ತಕದಲ್ಲಿ ಈ ಬಾಲಯೇಸು ಮಾಡಿದ ಪವಾಡಗಳ ವಿವರ ಇತ್ತು, ಅದರಿಂದ ಹೆಸರು ದೂರದೂರಕ್ಕೆ ಹೋಯಿತು. 1850ರ ದಶಕದಲ್ಲಿ ನ್ಯೂ ಮೆಕ್ಸಿಕೋದ ಚಿಮಾಯೊದಲ್ಲೂ ಇವನಿಗೊಂದು ಗುಡಿ ಎದ್ದಿತು. ರಾತ್ರಿ ಹೊತ್ತು ಊರೂರು ತಿರುಗಿ ಕಷ್ಟದಲ್ಲಿರುವವರನ್ನು ನೋಡಿಬರುತ್ತಾನೆ, ಹಾಗಾಗಿ ಇವನ ಚಪ್ಪಲಿ ಸವೆಯುತ್ತದೆ ಅಂತ ಜನ ನಂಬುತ್ತಾರೆ. ಅದಕ್ಕೇ ಪುಟ್ಟ ಮಕ್ಕಳ ಶೂಗಳನ್ನು ತಂದು ಒಪ್ಪಿಸುತ್ತಾರೆ.

ಇಷ್ಟು ಹೇಳಿದಾಗ ಅಕ್ಕ, ತಮ್ಮ ತಾಯಿ ಪ್ರತಿ ವರ್ಷ ದೇವರ ಗೂಡಿನಲ್ಲಿ ಒಂದು ಜೊತೆ ಮಕ್ಕಳ ಶೂ ಇಡುತ್ತಿದ್ದರು ಅಂದರು. ಯಾಕೆ ಅಂತ ಮೂವರಿಗೂ ಗೊತ್ತಿರಲಿಲ್ಲ. ಸತ್ತುಹೋದ ಒಂದು ಮಗುವಿನ ನೆನಪಿಗೆ ಅಂತ ಅಂದುಕೊಂಡಿದ್ದರಂತೆ. ಫ್ರೆಸ್ನೀಯೊ ಮೂಲದ ಮನೆಯಲ್ಲಿ ಪ್ಲಾತೆರೋಸ್‌ನ ಬಾಲಯೇಸು ಇರುವುದು ನಿರೀಕ್ಷಿತವೇ. ಆದರೆ ಮನೆಯ ಒಂದು ರೂಢಿ ಹೀಗೆ ಚಿತ್ರದ ಜೊತೆ ಕೂಡಿಕೊಂಡದ್ದು ನೋಡಿ, ತಂಗಿಗೂ ಮೊದಲ ಬಾರಿಗೆ ಆಸಕ್ತಿ ಬಂತು.

ಹಳೆಯದು ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ಹೋಗೋಣ. ಹಳೆಯ ಶೈಲಿಯಲ್ಲಿ ಈಗಲೂ ಬರೆಯುವವರು ಇದ್ದಾರೆ, ಅದು ಪ್ರಾಮಾಣಿಕ ಕೆಲಸ. ಆದರೆ ಹೊಸದಕ್ಕೆ ತುಕ್ಕು ಹಿಡಿಸಿ, ಹೊಗೆ ಹಾಕಿ, ಹಳೆಯದು ಅಂತ ಮಾರುವವರೂ ಇದ್ದಾರೆ. ಮೊದಲು ಆಯಸ್ಕಾಂತ, ಬಟ್ಟೆಯಲ್ಲಿ ಸುತ್ತಿ ಹಿಂಭಾಗಕ್ಕೆ ಮೆಲ್ಲಗೆ ಹಿಡಿದದ್ದು. ಅಂಟಿಕೊಂಡಿತು, ಅಂದರೆ ಒಳಗೆ ಕಬ್ಬಿಣ ಇದೆ. ಇದು ತಾಮ್ರ, ಸತುವಿನ ಹಾಳೆಗಳನ್ನು ಬೇರ್ಪಡಿಸುತ್ತದೆ ಅಷ್ಟೆ. ಸತು ಬಳಿದ ಕಬ್ಬಿಣದ ಶೀಟಾದರೆ ಮೇಲ್ಮೈಯಲ್ಲಿ ಹೂವು ಹೂವಾದ ಹರಳಿನ ಗುರುತು ಕಾಣುತ್ತದೆ. ನಮ್ಮದರಲ್ಲಿ ತುಕ್ಕಿಲ್ಲದ ಜಾಗದಲ್ಲಿ ನುಣುಪಾದ ಬೂದು ಮೈ, ಹೂವಿನ ಗುರುತಿಲ್ಲ. ಡಬ್ಬ ಕತ್ತರಿಸಿ ಮಾಡಿದ್ದರೆ ಇರಬಹುದಾದ ಮಡಿಕೆ, ಅಚ್ಚಿನ ಬಣ್ಣ ಯಾವುದೂ ಇಲ್ಲ. ಮೊಳೆ ತೂತುಗಳ ಅಂಚು ಸವೆದು ದುಂಡಾಗಿದೆ, ಒಂದು ತೂತು ಹರಿದ ಮೇಲೆ ಪಕ್ಕದಲ್ಲಿ ಇನ್ನೊಂದು ಹೊಡೆದಿದ್ದಾರೆ.

ಆಮೇಲೆ ಆ ಕೆನ್ನೆ. ಪರಿಚಯದ ಒಬ್ಬ ಕನ್ಸರ್ವೇಟರ್, ಅಂದರೆ ಹಳೆಯ ಕಲಾಕೃತಿಗಳನ್ನು ಕಾಪಾಡುವ ತಜ್ಞರು, ಬಂದು ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಿಡಿದರು. ಚಿತ್ರದ ಬೇರೆಲ್ಲ ಕಡೆ ಹಳೆಯ ವಾರ್ನಿಶ್‌ನ ಮಂಕು ಹಸಿರು ಹೊಳಪು, ಕೆನ್ನೆ ಮಾತ್ರ ಕಪ್ಪಗೆ ನಿಂತಿತು. ಬಣ್ಣವನ್ನು ಕೆರೆಯದೆ ಅದರಲ್ಲಿರುವ ಧಾತು ಯಾವುದು ಅಂತ ತೋರಿಸುವ ಎಕ್ಸ್‌ರೇ ಉಪಕರಣದಲ್ಲಿ ನೋಡಿದಾಗ ಬಿಳಿ ಬಣ್ಣದಲ್ಲಿ ಸೀಸ ಕಂಡಿತು, ಕೆನ್ನೆಯಲ್ಲಿ ಮಾತ್ರ ಟೈಟಾನಿಯಂ. ಟೈಟಾನಿಯಂ ಬಿಳಿ ಬಣ್ಣ ಚಿತ್ರಕಾರರ ಕೈಗೆ ಬಂದದ್ದು 1920ರ ದಶಕದ ಹೊತ್ತಿಗೆ. ಇಡೀ ಚಿತ್ರದಲ್ಲಿ ಅದು ಇದ್ದಿದ್ದರೆ ತಂಗಿಯ ಅನುಮಾನ ಸರಿ ಆಗುತ್ತಿತ್ತು. ಒಂದು ಕೆನ್ನೆಯಲ್ಲಿ ಮಾತ್ರ ಇದೆ ಅಂದರೆ ಹಳೆಯ ಚಿತ್ರಕ್ಕೆ ಆಮೇಲೆ ಯಾರೋ ತೇಪೆ ಹಾಕಿದ್ದಾರೆ. ಗಡಿಯಾಚೆ ಮೆಕ್ಸಿಕೋದ ಹ್ವಾರೆಸ್ ಊರಿನಲ್ಲಿರುವ ಅವರ ಹಿರಿಯ ಚಿಕ್ಕಮ್ಮನಿಗೆ ಫೋನ್ ಮಾಡಿದಾಗ ಉತ್ತರ ಸಿಕ್ಕಿತು. ಮೇಣದ ಬತ್ತಿ ತೀರಾ ಹತ್ತಿರ ಇಟ್ಟು ಮುಖ ಸುಟ್ಟಿತ್ತು, ಬೀದಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಒಬ್ಬರು ಸರಿಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ತುಕ್ಕು. ತವರದ ಪದರ ಪೂರ್ತಿ ಇರುವವರೆಗೆ ಒಳಗಿನ ಕಬ್ಬಿಣಕ್ಕೆ ಭಯವಿಲ್ಲ. ಒಂದು ಗೀರು ಬಿದ್ದರೆ ಸಾಕು. ಗಾಳಿಯ ತೇವ ಸೇರಿ ಎರಡು ಲೋಹಗಳ ನಡುವೆ ಸಣ್ಣದೊಂದು ವಿದ್ಯುತ್ ಹರಿವು ಹುಟ್ಟುತ್ತದೆ, ಅದರಲ್ಲಿ ಸವೆಯುವುದು ಕಬ್ಬಿಣ. ಸತು ಬಳಿದ ಶೀಟಿನಲ್ಲಿ ಇದು ಉಲ್ಟಾ, ಅಲ್ಲಿ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ತವರ ಹಾಗಲ್ಲ. ಗೀರು ಬಿದ್ದ ಜಾಗದಲ್ಲಿ ಬರೀ ಕಬ್ಬಿಣಕ್ಕಿಂತ ಜೋರಾಗಿ ತುಕ್ಕು ಹಿಡಿಯುತ್ತದೆ. ಅಂದರೆ ತಗಡಿನ ಹಿಂಭಾಗದಲ್ಲಿ ತುಕ್ಕು ಎಲ್ಲಿದೆ ಅನ್ನುವುದು ಎಲ್ಲಿ ಏನು ತಾಗಿತ್ತು ಅನ್ನುವುದರ ಗುರುತು. ಮುಂಭಾಗದಲ್ಲಿ ಇನ್ನೊಂದು ಕಷ್ಟ: ನುಣುಪಾದ ಲೋಹಕ್ಕೆ ಎಣ್ಣೆ ಬಣ್ಣ ಗಟ್ಟಿಯಾಗಿ ಹಿಡಿದಿರುವುದಿಲ್ಲ. ತಗಡು ಬಾಗಿದರೆ, ಅಡಿಯಲ್ಲಿ ತುಕ್ಕು ಉಬ್ಬಿದರೆ ಬಣ್ಣ ಚಕ್ಕೆ ಏಳುತ್ತದೆ. ಹಿಂದಿನಿಂದ ಸ್ಟೀಲ್ ಉಣ್ಣೆ ಹಾಕಿ ಒತ್ತಿ ತಿಕ್ಕಿದ್ದರೆ ಮುಂದಿನ ಹುಡುಗನ ಮುಖವೇ ಉದುರುತ್ತಿತ್ತು. ದ್ರಾವಣದ ಆಮ್ಲ ಉಳಿದ ತವರವನ್ನೂ ತಿನ್ನುತ್ತಿತ್ತು.

ಕನ್ಸರ್ವೇಟರ್ ತಗಡನ್ನು ಮೆತ್ತನೆ ಹಾಸಿನ ಮೇಲೆ ಬೋರಲು ಇಟ್ಟು, ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟರು. ತುಕ್ಕು ಸುಮ್ನೆ ಹರಡಿರಲಿಲ್ಲ. ಮೇಲ್ಭಾಗದಲ್ಲಿ ಅದು ಸಾಲು ಸಾಲಾಗಿತ್ತು. ಯಾರೋ ಮೊಳೆಯ ಮೊನೆಯಿಂದ ತವರದ ಪದರ ಕೆರೆದು ಅಕ್ಷರ ಬರೆದಿದ್ದಾರೆ. ಕೆರೆದ ಕಡೆ ಕಬ್ಬಿಣ ಬಯಲಾಗಿ, ವರ್ಷಗಳು ಕಳೆದ ಹಾಗೆ ಅಕ್ಷರಗಳೇ ತುಕ್ಕಾಗಿವೆ. ತಮ್ಮ ಉಜ್ಜಿ ತೆಗೆಯಲು ಹೊರಟಿದ್ದದ್ದು ಇದನ್ನು.

ಬೇರೆ ಬೇರೆ ದಿಕ್ಕಿನಿಂದ ಬೆಳಕು ಬಿಟ್ಟು ಫೋಟೋ ತೆಗೆದು, ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಇಟ್ಟು ಓದಿದೆವು. ಹೆಸರುಗಳು, ಪ್ರತಿ ಹೆಸರಿನ ಮುಂದೆ ಇಸವಿ. ಮೊದಲನೆಯದು 1879, ಕೊನೆಯದು 1893. ಮಕ್ಕಳು ಹುಟ್ಟಿದ ವರ್ಷಗಳು. ಕೆಲವು ಹೆಸರುಗಳ ಪಕ್ಕ ಒಂದು ಸಣ್ಣ ಶಿಲುಬೆ. ಶಿಲುಬೆ ಇರುವವು ತೀರಿಕೊಂಡ ಮಕ್ಕಳದು ಅಂತ ಅಕ್ಕ ತಕ್ಷಣ ಹೇಳಿದರು. ಮನೆಯ ಹಿರಿಯರ ಬಾಯಲ್ಲಿ ಕೇಳಿದ ಹೆಸರುಗಳ ಜೊತೆ ತಾಳೆ ನೋಡಿದಾಗ, ಉಳಿದುಕೊಂಡವರೆಲ್ಲ ಶಿಲುಬೆ ಇಲ್ಲದ ಹೆಸರುಗಳೇ. ಬರಹದಲ್ಲಿ ಎರಡು ಕೈ ಇದೆ. ಮೊದಲ ಸಾಲುಗಳು ನೇರ, ಒಂದೇ ಆಳ, ಬರೆಯುವುದು ಚೆನ್ನಾಗಿ ಗೊತ್ತಿದ್ದವರದು. ಆಮೇಲಿನವು ವಾಲಿಕೊಂಡು, ತಡೆದು ತಡೆದು ಬರೆದಂಥವು. 1879 ಅನ್ನುವುದನ್ನು ಅದೇ ವರ್ಷ ಬರೆದರು ಅಂತ ಸಾಧಿಸಲು ಆಗುವುದಿಲ್ಲ, ಆಮೇಲೆ ನೆನಪಿನಿಂದಲೂ ಬರೆದಿರಬಹುದು. ಆದರೆ ಕೈ ಬದಲಾಗಿರುವುದರಿಂದ, ಎಲ್ಲವನ್ನೂ ಒಂದೇ ದಿನ ಕೂತು ಬರೆದದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. ಕನ್ಸರ್ವೇಟರ್ ಕೂಡ ಒಪ್ಪಿದರು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ಮುಂಭಾಗದ ಚಿತ್ರ ಚೆನ್ನಾಗಿದೆ, ನನಗೆ ಇಷ್ಟ, ಆದರೆ ಅದೇ ಮಾದರಿಯ ಬಾಲಯೇಸು ಬೇರೆ ಕಡೆಯೂ ಸಿಗುತ್ತಾನೆ. ಇಲ್ಲಿಂದ ಮುಕ್ಕಾಲು ಗಂಟೆ ದೂರದ ಲಾಸ್ ಕ್ರೂಸೆಸ್‌ನಲ್ಲಿ, ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿಯ ಸಂಗ್ರಹದಲ್ಲಿ, ಇಂಥ ತಗಡು ಚಿತ್ರಗಳು ಸಾವಿರಕ್ಕೂ ಜಾಸ್ತಿ ಇವೆ. ಒಂದೇ ಸಂತನ ಹಲವು ತಗಡುಗಳನ್ನು ಪಕ್ಕಪಕ್ಕ ನೋಡಿದವರಿಗೆ ಚಿತ್ರಗಳು ಎಷ್ಟು ಹತ್ತಿರ ಹತ್ತಿರ ಅಂತ ಗೊತ್ತಾಗುತ್ತದೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಮನೆಯವರು ಅದರ ಮೇಲೆ ಬಿಟ್ಟ ಗುರುತು: ಬತ್ತಿಯ ಮಸಿ, ಮೇಣದ ಹನಿ, ಹರಿದ ಮೊಳೆ ತೂತು, ಬೋರ್ಡು ಬರೆಯುವವರು ಹಾಕಿದ ತೇಪೆ, ಹಿಂದೆ ಕೆರೆದ ಹೆಸರುಗಳು. ಮಾರುಕಟ್ಟೆಯಲ್ಲಿ ಇದನ್ನೆಲ್ಲ ಹಾಳಾಗಿರುವುದು ಅಂತ ಲೆಕ್ಕ ಹಾಕಿ ಬೆಲೆ ಇಳಿಸುತ್ತಾರೆ. ಹೊಳೆಯುವ ಹಾಗೆ ಉಜ್ಜಿ, ವಾರ್ನಿಶ್ ಬಳಿದು, ಹೊಸ ಚೌಕಟ್ಟಿನಲ್ಲಿ ಕೂರಿಸಿದ ತಗಡುಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅವುಗಳ ಹಿಂದೆ ಏನಿತ್ತೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಮಾರುವ ಮಾತು ಅದಾಗಿ ತಣ್ಣಗಾಯಿತು. ಆದರೂ ಕಾನೂನಿನ ವಿಷಯವನ್ನು ತಂಗಿಗೆ ವಿವರಿಸಿದೆ, ತಿಳಿದಿರಲಿ ಅಂತ. ಮೆಕ್ಸಿಕೋದ 1972ರ ಕಾನೂನಿನ ಪ್ರಕಾರ ಹದಿನಾರನೇ ಶತಮಾನದಿಂದ ಹತ್ತೊಂಬತ್ತನೇ ಶತಮಾನದವರೆಗಿನ ಚರ್ಚ್ ಕಟ್ಟಡಗಳ ಜೊತೆಗೆ ಅವುಗಳಲ್ಲಿ ಇದ್ದ ವಸ್ತುಗಳಿಗೂ ರಕ್ಷಣೆ ಇದೆ. ಪುಣ್ಯಕ್ಷೇತ್ರದ ಗೋಡೆಯಿಂದ ಕದ್ದು ಗಡಿ ದಾಟಿಸಿದ ಹರಕೆ ಫಲಕಗಳು ಎಷ್ಟೋ ಖಾಸಗಿ ಸಂಗ್ರಹಗಳಲ್ಲಿವೆ. ಕೆಲವು ವರ್ಷಗಳ ಹಿಂದೆ ಇಟಲಿಯ ಪೊಲೀಸರು ಅಲ್ಲಿ ಸಿಕ್ಕ ಸುಮಾರು 600 ಫಲಕಗಳನ್ನು ಮೆಕ್ಸಿಕೋಗೆ ಹಿಂದಿರುಗಿಸಿದರು. ಹಾಗಾಗಿ ಇಂಥದ್ದನ್ನು ಕೊಳ್ಳುವಾಗ, ಮಾರುವಾಗ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಮೊದಲು ಬರಬೇಕು. ಇವರದು ಮನೆಯಲ್ಲೇ ಇದ್ದದ್ದು, ಮನೆಯವರ ಜೊತೆಗೇ ಬಂದದ್ದು, ಹಿಂದೆ ಮನೆಯವರ ಹೆಸರೇ ಇದೆ. ಇದಕ್ಕಿಂತ ಒಳ್ಳೆಯ ದಾಖಲೆ ಬೇಕಾ?

ಕೊನೆಗೆ ಮಾಡಿದ ಕೆಲಸ ಕಡಿಮೆ. ಚಕ್ಕೆ ಎದ್ದ ಮೂಲೆಯಲ್ಲಿ ಕನ್ಸರ್ವೇಟರ್ ಸಣ್ಣ ಕುಂಚದಿಂದ ಅಂಟು ಇಳಿಸಿ ಬಣ್ಣವನ್ನು ಕೂರಿಸಿದರು. ಉದುರಿದ ಜಾಗಕ್ಕೆ ಹೊಸ ಬಣ್ಣ ಹಾಕಲಿಲ್ಲ. ಮುಂಭಾಗದ ದೂಳನ್ನು ಮೆತ್ತನೆ ಕುಂಚದಿಂದ ಸರಿಸಿದರು, ಮಸಿ ಹಾಗೇ ಬಿಟ್ಟರು. ಕೆನ್ನೆಯ ತೇಪೆಯನ್ನು ತೆಗೆಯಬಹುದಿತ್ತು, ತೆಗೆಯಬೇಡಿ ಅಂತ ಮೂವರೂ ಒಟ್ಟಿಗೆ ಹೇಳಿದರು. ಹಿಂಭಾಗದಲ್ಲಿ ಪುಡಿಯಾಗಿ ಉದುರುತ್ತಿದ್ದ ತುಕ್ಕನ್ನು ಮಾತ್ರ, ಅಕ್ಷರಗಳಿಂದ ದೂರ ಇರುವ ಜಾಗದಲ್ಲಿ, ಒಣ ಕುಂಚದಿಂದ ತೆಗೆದರು. ಒದ್ದೆ ಬಟ್ಟೆ ತಾಗಿಸಲೇ ಇಲ್ಲ. ಎಲ್ ಪಾಸೊದ ಗಾಳಿ ಒಣ, ಅದೊಂದು ಅನುಕೂಲ. ಆದರೆ ಈ ಕಡೆ ಮನೆಗಳಲ್ಲಿ ಬೇಸಿಗೆಯಲ್ಲಿ ನೀರಿನ ಕೂಲರ್ ಓಡುತ್ತದೆ, ಒಳಗೆ ತೇವ ಏರುತ್ತದೆ. ಅದರ ಗಾಳಿ ತಾಗದ ಒಳಗೋಡೆಗೆ ದೇವರ ಗೂಡನ್ನು ಸರಿಸಿದರು. ಚೌಕಟ್ಟಿನ ಗಾಜು ಬಣ್ಣಕ್ಕೆ ತಾಗದ ಹಾಗೆ ನಡುವೆ ಪಟ್ಟಿ ಕೊಟ್ಟು, ಹಿಂಭಾಗಕ್ಕೆ ಬೇಕಾದಾಗ ತೆಗೆದು ನೋಡಬಹುದಾದ ಹಲಗೆ ಹಾಕಿದರು. ಚೌಕಟ್ಟಿನ ಮರಗೆಲಸ ಮಾಡಿದ್ದು ತಮ್ಮ.

ಬತ್ತಿ ಹಚ್ಚುವ ವಿಷಯದಲ್ಲಿ ಮಾತ್ರ ಕನ್ಸರ್ವೇಟರ್‌ಗೂ ಅಕ್ಕನಿಗೂ ಪೂರ್ತಿ ಹೊಂದಲಿಲ್ಲ. ಬೆಂಕಿಯೇ ಬೇಡ ಅನ್ನುವುದು ಅವರ ಸಲಹೆ. ದೇವರ ಮುಂದೆ ಬತ್ತಿ ಇಲ್ಲದಿದ್ದರೆ ಹೇಗೆ ಅನ್ನುವುದು ಅಕ್ಕನ ಮಾತು. ನಾನು ಅಕ್ಕನ ಕಡೆ. ಪೂಜೆಗೆ ಅಂತ ಬರೆದ ಚಿತ್ರ ಪೂಜೆಯಲ್ಲಿ ಇರಲಿ. ಬತ್ತಿಯನ್ನು ಗಾಜಿನ ಲೋಟದೊಳಗೆ, ಗೂಡಿನಿಂದ ಒಂದು ಮೊಳ ಆಚೆಗೆ, ಬೇರೆ ಮೇಜಿನ ಮೇಲೆ ಇಡುವುದು ಅಂತ ತೀರ್ಮಾನ ಆಯಿತು. ಶೂಗಳನ್ನು ಗೂಡಿನಲ್ಲೇ ಇಡುತ್ತಾರೆ. ಹಿಂಭಾಗದ ಫೋಟೋಗಳ ಪ್ರತಿ ಮೂವರ ಮನೆಯಲ್ಲೂ ಇದೆ, ಒಂದು ಪ್ರತಿ ಹ್ವಾರೆಸ್‌ನ ಚಿಕ್ಕಮ್ಮನಿಗೆ ಹೋಗಿದೆ. ಅದರಲ್ಲಿ ಓದಲಾಗದ ಎರಡು ಹೆಸರು ಉಳಿದಿವೆ. ಫ್ರೆಸ್ನೀಯೊ ಕಡೆಯ ಚರ್ಚ್‌ನ ಜ್ಞಾನಸ್ನಾನದ ಪುಸ್ತಕಗಳಲ್ಲಿ ಹುಡುಕುವ ಕೆಲಸವನ್ನು ತಂಗಿ ವಹಿಸಿಕೊಂಡಿದ್ದಾರೆ.